ಕೇಬಲ್‌ನ ತುದಿಗೆ ಕೈ ತಲುಪದ ಸೇತುವೆಗೆ ಮಂಜೂರಾತಿ ಕೊಡಬೇಡಿ

ರಾಜ್ಯದ ಮಹಾನಗರ ಪಾಲಿಕೆಗಳ ಆಯುಕ್ತರಿಗೆ, ನಗರಾಭಿವೃದ್ಧಿ ಇಲಾಖೆಯ ಎಂಜಿನಿಯರುಗಳಿಗೆ, ಇಂಥ ಸೇತುವೆ ಬೇಕೆಂದು ಅರ್ಜಿ ಕೊಡುತ್ತಿರುವ ನಾಗರಿಕರಿಗೆ:

ಮಾನ್ಯರೇ,

ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಮಾತ್ರ ಮೀಸಲಾದ ಕೇಬಲ್ ಸೇತುವೆಗಳು ನಮ್ಮ ನಗರಗಳಿಗೆ ಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಹೊರವರ್ತುಲ ರಸ್ತೆ, ಸಾಲು ರೈಲು ಹಳಿ, ನದಿಯ ಅಳಿವೆ, ಇಂಥ ಕಡೆ ನಡುವೆ ಕಂಬ ಊರಲು ಜಾಗ ಸಿಗುವುದಿಲ್ಲ. 50ರಿಂದ 70 ಮೀಟರ್ ಒಂದೇ ಗಾಲದಲ್ಲಿ, ಅಂದರೆ ಎರಡು ಆಸರೆಗಳ ನಡುವೆ ಒಂದೇ ನೆಗೆತದಲ್ಲಿ, ದಾಟಬೇಕು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲಂತೂ ಕಂಬದಿಂದ ಇಳಿಬಿಟ್ಟ ಕೇಬಲ್‌ಗಳ ಚಿತ್ರ ಜನರ ಕಣ್ಣಲ್ಲಿ ಕೂತಿದೆ. ಆದರೆ ಬಸ್ಸು ಲಾರಿ ಓಡುವ ಭಾರದ ಸೇತುವೆಯ ಕಾಯಿಲೆಗಳೇ ಬೇರೆ, ಜನ ನಡೆಯುವ ಹಗುರ ಸೇತುವೆಯ ಕಾಯಿಲೆಗಳೇ ಬೇರೆ. ಸರಿಯಾಗಿ ಲೆಕ್ಕ ಹಾಕಿ ಕಟ್ಟಿದ ಹಗುರ ಸೇತುವೆ ಭಾರ ತಾಳದೆ ಬೀಳುವುದು ಅಪರೂಪ. ಅದು ಅಲುಗಾಡಿ ಅಲುಗಾಡಿ ದಣಿಯುತ್ತದೆ, ಕೇಬಲ್ ತುದಿಯಲ್ಲಿ ನೀರು ನಿಂತು ಒಳಗೊಳಗೇ ತುಕ್ಕು ತಿನ್ನುತ್ತದೆ. ಈ ಎರಡೂ ನಡೆಯುವ ಜಾಗ ಒಂದೇ, ಕೇಬಲ್ ಕಂಬಕ್ಕೆ ಅಥವಾ ಡೆಕ್ಕಿಗೆ (ಜನ ನಡೆಯುವ ಹಾಸಿಗೆ) ಕಚ್ಚಿಕೊಳ್ಳುವ ತುದಿ. ಸಾಮಾನ್ಯವಾಗಿ ಯಾರೂ ನೋಡದ ಜಾಗವೂ ಅದೇ.

ಆದ್ದರಿಂದ ನಮ್ಮ ಮುಖ್ಯ ಕೋರಿಕೆ ಒಂದೇ. ಪ್ರತಿಯೊಂದು ಕೇಬಲ್‌ನ ಎರಡೂ ತುದಿಗೆ ಒಬ್ಬ ಮನುಷ್ಯ, ಟಾರ್ಚು ಮತ್ತು ಸ್ಪ್ಯಾನರ್ ಹಿಡಿದು, ರಸ್ತೆ ಮುಚ್ಚದೆ ಹೇಗೆ ತಲುಪುತ್ತಾನೆ ಎಂದು ತೋರಿಸುವ ನಕ್ಷೆ ಯೋಜನಾ ವರದಿಯಲ್ಲಿ ಇಲ್ಲದಿದ್ದರೆ ಕಡತವನ್ನು ವಾಪಸ್ ಕಳಿಸಿ. ಉಳಿದ ವಿಷಯಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ಮೊದಲು, ಈ ಬಗೆಯ ಸೇತುವೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು. 60 ಮೀಟರ್ ಗಾಲಕ್ಕೆ ಕೆಳಗೆ ಗರ್ಡರ್ (ದಪ್ಪ ತೊಲೆ) ಇಟ್ಟು ಕಟ್ಟಿದರೆ ಗರ್ಡರ್ ಎತ್ತರವೇ ಎರಡೂವರೆ ಮೀಟರ್ ಮೀರುತ್ತದೆ. ಕೇಬಲ್‌ಗಳು ಆರೇಳು ಮೀಟರಿಗೊಂದರಂತೆ ಹಿಡಿದುಕೊಂಡರೆ 60–80 ಸೆಂಟಿಮೀಟರ್ ದಪ್ಪದ ಡೆಕ್ ಸಾಕು. ಹೀಗೆ ಉಳಿದ ಎರಡು ಮೀಟರ್ ಎತ್ತರದ ಬೆಲೆ ರ‍್ಯಾಂಪಿನಲ್ಲಿ ತಿಳಿಯುತ್ತದೆ: 1:20 ಇಳಿಜಾರಿನಲ್ಲಿ ಒಂದೊಂದು ಬದಿಗೂ 40 ಮೀಟರ್ ಉದ್ದ ಕಡಿಮೆ. ನಗರದಲ್ಲಿ 40 ಮೀಟರ್ ಎಂದರೆ ಎಷ್ಟೋ ಸಲ ಭೂಸ್ವಾಧೀನದ ತಕರಾರೇ ಇಲ್ಲದಂತಾಗುತ್ತದೆ. ಹಾಗೆಂದು 35–40 ಮೀಟರಿಗೆಲ್ಲ ಕೇಬಲ್ ಕಟ್ಟುವುದು ದುಂದು. ಎರಡು ಬದಿಗೆ ಉಕ್ಕಿನ ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ನಿಲ್ಲಿಸಿ ನಡುವೆ ನಡೆಯುವಂತೆ ಮಾಡಿದರೆ ಅಲ್ಲಿಯೂ ಡೆಕ್ ತೆಳುವಾಗಿಯೇ ಇರುತ್ತದೆ, ಖರ್ಚು ಕಡಿಮೆ, ನಿರ್ವಹಣೆ ಸುಲಭ. ಅಂದಕ್ಕೆಂದೇ ಕೇಬಲ್ ಬೇಕು ಎನ್ನುವ ಪ್ರಸ್ತಾವ ಬಂದರೆ ಅದನ್ನು ಒಪ್ಪಬೇಡಿ ಎಂದೇ ನಮ್ಮ ಸಲಹೆ.

ನಮ್ಮವರಿಗೆ ಪರಿಚಯವಿರುವ ತೂಗುಸೇತುವೆ ಇದಲ್ಲ ಎಂಬುದನ್ನೂ ಹೇಳಬೇಕು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ಸೇತುವೆಯಿಂದ ಶುರುವಾಗಿ ನೂರಕ್ಕೂ ಹೆಚ್ಚು ತೂಗುಸೇತುವೆಗಳು ಕರ್ನಾಟಕ, ಕೇರಳ ಮೊದಲಾದ ರಾಜ್ಯಗಳ ಹಳ್ಳಿಗಳನ್ನು ಜೋಡಿಸಿವೆ. ಅಲ್ಲಿ ಮುಖ್ಯ ಹಗ್ಗ ದಡದಿಂದ ದಡಕ್ಕೆ ಇಳಿಬಿದ್ದಿರುತ್ತದೆ, ಎರಡು ದಡದ ಆಂಕರ್ ಬ್ಲಾಕುಗಳು (ನೆಲದಲ್ಲಿ ಹೂತ ಭಾರದ ಗಡ್ಡೆಗಳು) ಅದನ್ನು ಎಳೆದು ಹಿಡಿದಿರುತ್ತವೆ. ನಾವು ಹೇಳುತ್ತಿರುವ ಕೇಬಲ್‌ಸ್ಟೇ ಸೇತುವೆಯಲ್ಲಿ ಪ್ರತಿ ಕೇಬಲ್ ಓರೆಯಾಗಿ ಕಂಬದಿಂದ ನೇರ ಡೆಕ್ಕಿಗೆ ಬರುತ್ತದೆ. ಡೆಕ್ಕನ್ನು ಮೇಲೆತ್ತುವುದರ ಜೊತೆಗೆ ಕಂಬದ ಕಡೆಗೂ ಒತ್ತುತ್ತದೆ. ದೊಡ್ಡ ಆಂಕರ್ ಬ್ಲಾಕ್ ಬೇಡ, ಆದರೆ ಡೆಕ್, ಕಂಬ, ಕೇಬಲ್ ಮೂರೂ ಒಂದಕ್ಕೊಂದು ಹೊಣೆ. ಒಂದು ಕೇಬಲ್‌ನ ಬಲ ಇಳಿದರೆ ಪಕ್ಕದ ಕೇಬಲ್ ಅದನ್ನು ಹೊರಬೇಕು, ಡೆಕ್ಕಿನ ಮಟ್ಟ ಬದಲಾಗುತ್ತದೆ.

ಈಗ ಮಿನಿಯಾಪೊಲಿಸ್ ನಗರದ ಮಾರ್ಟಿನ್ ಓಲವ್ ಸಾಬೋ ಸೇತುವೆಯ ಕಡೆ ಬನ್ನಿ. ಅಮೆರಿಕದ ಮಿನೆಸೋಟ ರಾಜ್ಯದ ಈ ಸೇತುವೆ 2007ರ ನವೆಂಬರಿನಲ್ಲಿ ತೆರೆಯಿತು. ಹಳೆಯ ರೈಲು ದಾರಿಯ ಮೇಲೆ ಮಾಡಿದ ಮಿಡ್‌ಟೌನ್ ಗ್ರೀನ್‌ವೇ ಎಂಬ ಸೈಕಲ್ ದಾರಿಯನ್ನು ಹಯವಾಥ ಅವೆನ್ಯೂ ಎಂಬ ಅಗಲ ರಸ್ತೆ ಮತ್ತು ಲೈಟ್ ರೈಲ್ ಹಳಿಗಳ ಮೇಲಿಂದ ದಾಟಿಸುತ್ತದೆ. ಮುಖ್ಯ ಗಾಲ ಸುಮಾರು 67 ಮೀಟರ್, ಕಂಬ ಸುಮಾರು 30 ಮೀಟರ್. ನಮ್ಮ ನಗರಗಳು ಕನಸು ಕಾಣುತ್ತಿರುವ ಅಳತೆ ಹೆಚ್ಚುಕಡಿಮೆ ಇದೇ. 2012ರ ಫೆಬ್ರವರಿ 19ರ ರಾತ್ರಿ ಒಂದು ಜೋಡಿ ಕೇಬಲ್ ಕಂಬದಿಂದ ಕಳಚಿ ಡೆಕ್ಕಿನ ಮೇಲೆ ಬಿತ್ತು. ತೆರೆದು ಇನ್ನೂ ಐದು ವರ್ಷ ತುಂಬಿರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕೆಳಗಿನ ಹೆದ್ದಾರಿ ಮತ್ತು ರೈಲು ನಿಲ್ಲಿಸಬೇಕಾಯಿತು, ಡೆಕ್ಕಿನಡಿ ತಾತ್ಕಾಲಿಕ ಆಸರೆ ಕೊಡಬೇಕಾಯಿತು. ಪರೀಕ್ಷಿಸಿದಾಗ ಬೇರೆ ಕೇಬಲ್‌ಗಳ ಜೋಡಣೆಯಲ್ಲೂ ಬಿರುಕು ಕಂಡಿತು.

ತುಂಡಾದದ್ದು ಕೇಬಲ್ ಅಲ್ಲ. ಕೇಬಲ್ಲನ್ನು ಕಂಬಕ್ಕೆ ಜೋಡಿಸುವ ಉಕ್ಕಿನ ಪ್ಲೇಟು. ಬಿರುಗಾಳಿ ಬೀಸಿದ್ದಕ್ಕೂ ಅಲ್ಲ. ತನಿಖೆಯಲ್ಲಿ ಹೊರಬಂದ ಕಾರಣ, ದಿನನಿತ್ಯದ ಸಾಧಾರಣ ಗಾಳಿಗೆ ಕೇಬಲ್‌ಗಳು ಸಣ್ಣಗೆ ಕಂಪಿಸುತ್ತ ಇದ್ದದ್ದು, ಆ ಕಂಪನಕ್ಕೆ ಪ್ಲೇಟು ಅತ್ತಿತ್ತ ಬಾಗಿ ಬಾಗಿ ದಣಿದು ಬಿರುಕು ಬಿಟ್ಟದ್ದು. ರಿಪೇರಿಯಲ್ಲಿ ಜೋಡಣೆಯನ್ನು ಬದಲಿಸಿದರು, ಕೇಬಲ್‌ಗಳಿಗೆ ಡ್ಯಾಂಪರ್ (ಕಂಪನ ತಗ್ಗಿಸುವ ಸಾಧನ) ಹಾಕಿದರು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು, ಏಕೆಂದರೆ ನಮ್ಮ ಯೋಜನಾ ವರದಿಗಳು ಜಾರುವುದು ಇಲ್ಲೇ. ಕಟ್ಟಡಗಳ ಮೇಲಿನ ಭಾರದ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವಿನ್ಯಾಸಕಾರ ಈ ಬಿರುಗಾಳಿಯನ್ನು ಹಾಕಿ, ಸೇತುವೆ ತಡೆಯುತ್ತದೆ ಎಂದು ಬರೆದು, ಗಾಳಿಯ ಅಧ್ಯಾಯ ಮುಗಿಸುತ್ತಾನೆ. ಆದರೆ ದುಂಡನೆಯ ಕೇಬಲ್‌ನ ಹಿಂದೆ ಗಾಳಿ ಸುಳಿಸುಳಿಯಾಗಿ ಕಳಚುತ್ತದೆ, ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ. ಸೆಕೆಂಡಿಗೆ ಎಷ್ಟು ಸಲ ಎಂಬುದು ಗಾಳಿವೇಗವನ್ನು ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸಿಗುತ್ತದೆ. 50 ಮಿ.ಮೀ. ಕೇಬಲ್, ಸೆಕೆಂಡಿಗೆ ಎರಡೂವರೆ ಮೀಟರ್ ಗಾಳಿ, ಅಂದರೆ ಗಂಟೆಗೆ 9 ಕಿಲೋಮೀಟರ್, ಸಂಜೆಯ ತಂಗಾಳಿ: ಉತ್ತರ 10 ಹರ್ಟ್ಸ್, ಎಂದರೆ ಸೆಕೆಂಡಿಗೆ 10 ಸಲ. ಅದೇ ಕೇಬಲ್ 40 ಮೀಟರ್ ಉದ್ದವಿದ್ದು, ಮೀಟರಿಗೆ 14 ಕೆ.ಜಿ. ತೂಗಿ, 560 ಕಿಲೋನ್ಯೂಟನ್ ಬಲದಲ್ಲಿ ಬಿಗಿದಿದ್ದರೆ ಅದರ ಮೊದಲ ಸಹಜ ಆವರ್ತನ (ತಟ್ಟಿ ಬಿಟ್ಟರೆ ಅದು ತಾನಾಗಿ ಕಂಪಿಸುವ ವೇಗ) 2.5 ಹರ್ಟ್ಸ್, ನಾಲ್ಕನೆಯದು ಸರಿಯಾಗಿ 10. ಎರಡೂ ಕೂಡಿಬಂದ ಹೊತ್ತಿಗೆ ಕೇಬಲ್ ನಡುಗತೊಡಗುತ್ತದೆ. ಗಂಟೆಗೆ 36,000 ಸಲ. ದಿನಕ್ಕೆ ಐದು ಗಂಟೆ ಹೀಗೆ ನಡೆದರೆ 1.8 ಲಕ್ಷ. ಕೇಬಲ್ ಮತ್ತು ಆಂಕರೇಜಿನ (ಕೇಬಲ್ ತುದಿಯನ್ನು ಹಿಡಿದಿಡುವ ಜೋಡಣೆ) ದಣಿವು ಪರೀಕ್ಷೆಯನ್ನು ಪ್ರಯೋಗಶಾಲೆಯಲ್ಲಿ ಮಾಡುವುದು 20 ಲಕ್ಷ ಆವರ್ತಕ್ಕೆ. ಅಂಥ ಹನ್ನೆರಡು ದಿನಗಳಲ್ಲಿ ಆ ಎಣಿಕೆ ದಾಟಿಬಿಡುತ್ತದೆ. ಪ್ರತಿ ಕಂಪನದಲ್ಲಿ ಹುಟ್ಟುವ ಒತ್ತಡ ಪರೀಕ್ಷೆಯ ಒತ್ತಡಕ್ಕಿಂತ ಬಹಳ ಸಣ್ಣದು, ನಿಜ. ಆದರೆ ಚೂಪು ಮೂಲೆಯ ವೆಲ್ಡಿಂಗ್, ತೆಳು ಪ್ಲೇಟು ಸಿಕ್ಕರೆ ಆ ಸಣ್ಣ ಒತ್ತಡವೇ ಸಾಕಾಗುತ್ತದೆ.

ಮಳೆ ಬಂದರೆ ಇನ್ನೊಂದು ಬಗೆ. ಓರೆ ಕೇಬಲ್‌ನ ಮೇಲ್ಮೈಯಲ್ಲಿ ನೀರು ಸಣ್ಣ ತೊರೆಯಾಗಿ ಇಳಿಯುತ್ತದೆ. ಆ ತೊರೆ ದುಂಡು ಕೇಬಲ್‌ನ ಆಕಾರವನ್ನೇ ಗಾಳಿಗೆ ಬೇರೆಯಾಗಿ ತೋರಿಸುತ್ತದೆ, ಕೇಬಲ್ ದೊಡ್ಡದಾಗಿ ಓಲಾಡುತ್ತದೆ. ಜಪಾನಿನ ನಗೋಯಾ ಬಳಿಯ ಮೇಕೋ ನಿಶಿ ಸೇತುವೆಯಲ್ಲಿ 1980ರ ದಶಕದಲ್ಲಿ ಇದನ್ನು ಮೊದಲು ಗುರುತಿಸಿದ ಮೇಲೆ ಕೇಬಲ್‌ನ ಪ್ಲಾಸ್ಟಿಕ್ ಕೊಳವೆಯ ಮೇಲೆ ಸುರುಳಿಯಾಗಿ ಸಣ್ಣ ಏಣು ಎಬ್ಬಿಸುವ ರೂಢಿ ಬಂತು. ಏಣು ನೀರಿನ ತೊರೆಯನ್ನು ಚದುರಿಸುತ್ತದೆ. ಇದು ಕಾಣುವುದು ಹೆಚ್ಚಾಗಿ ಸೆಕೆಂಡಿಗೆ 5ರಿಂದ 15 ಮೀಟರ್ ಗಾಳಿಯಲ್ಲಿ. ಜೂನ್ ಜುಲೈಯಲ್ಲಿ ಕರಾವಳಿಗೆ ಇದು ದಿನವಹಿ ಗಾಳಿ. ನೆದರ್‌ಲೆಂಡ್ಸಿನ ಐಂಡ್‌ಹೋವನ್ ಹೊರವಲಯದ ಹೋವನ್‌ರಿಂಗ್ ಎಂಬ ದುಂಡು ಸೈಕಲ್ ಸೇತುವೆ, 70 ಮೀಟರ್ ಕಂಬದಿಂದ 24 ಕೇಬಲ್‌ಗಳಲ್ಲಿ ತೂಗುವ 72 ಮೀಟರ್ ವ್ಯಾಸದ ಉಂಗುರ, ತೆರೆದ ಕೆಲವೇ ವಾರಗಳಲ್ಲಿ ಕೇಬಲ್ ಕಂಪನದಿಂದಾಗಿ ಮುಚ್ಚಿತು. ಡ್ಯಾಂಪರ್ ಹಾಕಿ 2012ರ ಜೂನಿನಲ್ಲಿ ಮತ್ತೆ ತೆರೆದರು. ಸೈಕಲ್ ಸೇತುವೆ ಕಟ್ಟುವುದರಲ್ಲಿ ಪಳಗಿದ ದೇಶದಲ್ಲೇ ಹೀಗಾಯಿತು.

ಟೆಂಡರಿನಲ್ಲಿ ಬರೆಯಬೇಕಾದ್ದು ಹೀಗಿದೆ. ಪ್ರತಿ ಕೇಬಲ್‌ಗೂ ಸ್ಕ್ರೂಟನ್ ಸಂಖ್ಯೆ (ಗಾಳಿಗೆ ನಡುಗದೆ ಕೇಬಲ್ ಎಷ್ಟು ತಡೆದೀತು ಎಂಬುದರ ಅಳತೆ) ಲೆಕ್ಕ ಹಾಕಿ ಕೊಡಬೇಕು: ಮೀಟರಿನ ತೂಕವನ್ನು ಡ್ಯಾಂಪಿಂಗ್ ಅನುಪಾತದಿಂದ (ಕಂಪನ ತಾನಾಗಿ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಳತೆ) ಗುಣಿಸಿ, ಗಾಳಿಯ ಸಾಂದ್ರತೆ ಮತ್ತು ವ್ಯಾಸದ ವರ್ಗದಿಂದ ಭಾಗಿಸುವುದು. ಅದು 10 ಮುಟ್ಟಬೇಕು. ಮೇಲಿನ ಉದಾಹರಣೆಯ ಕೇಬಲ್‌ಗೆ ಸ್ವಂತ ಡ್ಯಾಂಪಿಂಗ್ ಶೇ. 0.1 ಎಂದಿಟ್ಟುಕೊಂಡರೆ ಸಿಗುವುದು 4.7. ಅರ್ಧವೂ ಇಲ್ಲ. ಅಂದರೆ ಡ್ಯಾಂಪರ್ ಬೇಕೇ ಬೇಕು, ಅಥವಾ ಡ್ಯಾಂಪರ್ ಕೂರಿಸುವ ಕ್ಲ್ಯಾಂಪು ಮತ್ತು ಪ್ಲೇಟನ್ನಾದರೂ ಮೊದಲ ದಿನವೇ ಇಟ್ಟಿರಬೇಕು. ಆಮೇಲೆ ಹಾಕೋಣ ಎಂದರೆ ಕಟ್ಟಿದ ಕಂಬಕ್ಕೆ ವೆಲ್ಡಿಂಗ್ ಮಾಡಬೇಕಾಗುತ್ತದೆ. ಬಿಗಿದ ಕೇಬಲ್ ಪಕ್ಕದಲ್ಲಿ ವೆಲ್ಡಿಂಗ್ ಕಿಡಿ ಹಾರಿಸುವುದು ಅಪಾಯ. ಪ್ಲೇಟಿಗೆ ಬಾಗುವ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಬರೀ ಎಳೆತವನ್ನಲ್ಲ. ಜೋಡಣೆ ಪಿನ್ ಮತ್ತು ಕವಲುಕೊಕ್ಕೆಯ ಮೂಲಕವಾದರೆ ಪಿನ್ ಒಂದೇ ದಿಕ್ಕಿಗೆ ತಿರುಗುತ್ತದೆ. ಇನ್ನೊಂದು ದಿಕ್ಕಿನ ಅಲುಗಾಟ ಪ್ಲೇಟಿಗೇ ಬೀಳುತ್ತದೆ ಎಂಬುದನ್ನು ಮರೆಯುವವರು ಬಹಳ.

ಇನ್ನು ತುಕ್ಕು. ಓರೆ ಕೇಬಲ್ ಮೇಲೆ ಬಿದ್ದ ಮಳೆಯೆಲ್ಲ ಇಳಿಯುವುದು ಕೆಳಗಿನ ಆಂಕರೇಜಿಗೆ. ಅಲ್ಲಿ ಕೇಬಲ್ ಒಂದು ಉಕ್ಕಿನ ಕೊಳವೆಯೊಳಗೆ ನುಗ್ಗುತ್ತದೆ, ಬಾಯಿಗೆ ರಬ್ಬರ್ ಟೊಪ್ಪಿಗೆ ಹಾಕಿರುತ್ತಾರೆ. ನಮ್ಮ ಬಿಸಿಲಿಗೆ ರಬ್ಬರ್ ಕೆಲವು ವರ್ಷಗಳಲ್ಲಿ ಬಿರಿಯುತ್ತದೆ, ನೀರು ಒಳಗೆ ಇಳಿದು ಕೊಳವೆಯ ತಳದಲ್ಲಿ ನಿಲ್ಲುತ್ತದೆ. ತಳಕ್ಕೆ ಒಂದು ತೂತು ಇದ್ದರೆ ಹರಿದುಹೋಗುತ್ತದೆ. ತೂತು ಇಲ್ಲದಿದ್ದರೆ, ಇದ್ದೂ ಬಣ್ಣ ಬಳಿಯುವವನು ಮುಚ್ಚಿದರೆ, ಪಾರಿವಾಳದ ಹಿಕ್ಕೆ ಕಟ್ಟಿಕೊಂಡರೆ, ಉಕ್ಕು ವರ್ಷವಿಡೀ ನೀರಲ್ಲಿ ನೆನೆಯುತ್ತದೆ. ಹೊರಗೆ ಕೇಬಲ್ ಹೊಸದರಂತೆ ಹೊಳೆಯುತ್ತಿರುತ್ತದೆ. ತೈವಾನಿನ ನಾನ್‌ಫಾಂಗಾವೊ ಸೇತುವೆ 2019ರ ಅಕ್ಟೋಬರ್ 1ರಂದು ಕುಸಿದು ಆರು ಜನ ಸತ್ತರು. ಅದು ಕಮಾನು ಸೇತುವೆ, ಆದರೆ ಡೆಕ್ಕನ್ನು ಹಿಡಿದದ್ದು ಕೇಬಲ್‌ಗಳು, ತುಕ್ಕು ತಿಂದದ್ದು ಅವುಗಳ ಆಂಕರೇಜ್ ತುದಿ. ಜಿನೋವಾದ ಮೊರಾಂಡಿ ಸೇತುವೆ 2018ರ ಆಗಸ್ಟ್ 14ರಂದು ಬಿದ್ದು 43 ಜನ ಸತ್ತರು. ಅಲ್ಲಿನ ಓರೆ ಕೇಬಲ್‌ಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿದ್ದರಿಂದ ಒಳಗಿನ ಉಕ್ಕನ್ನು ಕಣ್ಣಿಂದ ನೋಡುವ ದಾರಿಯೇ ಇರಲಿಲ್ಲ. ನಮ್ಮದೇ ದೇಶದ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ತೀರಿಕೊಂಡಾಗ, ಒಂದು ಮುಖ್ಯ ಕೇಬಲ್‌ನ 49 ತಂತಿಗಳಲ್ಲಿ 22 ಆಗಲೇ ತುಕ್ಕು ತಿಂದಿದ್ದವು ಎಂದು ವಿಶೇಷ ತನಿಖಾ ತಂಡ ಹೇಳಿತು. ಆ ಸೇತುವೆಯನ್ನು ನವೀಕರಿಸಿ ತೆರೆದು ವಾರವೂ ಆಗಿರಲಿಲ್ಲ. ಡೆಕ್ಕಿನ ಮರದ ಹಲಗೆ ಹೋಗಿ ಅಲ್ಯೂಮಿನಿಯಂ ಬಂದಿತ್ತು. ಕೇಬಲ್ ಹಳೆಯದೇ ಉಳಿದಿತ್ತು.

ಹೀಗಾಗಿ ಕೇಬಲ್‌ನ ಜಾತಿಯನ್ನು ಟೆಂಡರಿನಲ್ಲೇ ನಿಗದಿ ಮಾಡಿ. ಸಿಮೆಂಟ್ ಗ್ರೌಟ್ (ತೆಳು ಗಾರೆ) ತುಂಬಿದ ಕೇಬಲ್ ಬೇಡ. ಗ್ರೌಟ್ ಬಿರುಕು ಬಿಡುತ್ತದೆ, ಒಳಗಿನದು ಕಾಣುವುದಿಲ್ಲ, ಬದಲಿಸಲೂ ಬರುವುದಿಲ್ಲ. ಎರಡು ದಾರಿ ಒಳ್ಳೆಯವು. ಒಂದು, ಗ್ಯಾಲ್ವನೈಸ್ ಮಾಡಿ, ಮೇಣ ತುಂಬಿ, ಒಂದೊಂದಕ್ಕೂ ಪ್ರತ್ಯೇಕ ಪ್ಲಾಸ್ಟಿಕ್ ಹೊದಿಕೆ ಹಾಕಿದ 15.7 ಮಿ.ಮೀ. ಸ್ಟ್ರಾಂಡುಗಳ (ಉಕ್ಕಿನ ತಂತಿಗಳನ್ನು ಹೊಸೆದ ಹುರಿ) ಕಟ್ಟು. ಒಂದು ಸ್ಟ್ರಾಂಡಿನ ಮುರಿಯುವ ಬಲ 279 ಕಿಲೋನ್ಯೂಟನ್, ಅದರ ಶೇ. 45 ಎಂದರೆ ಸುಮಾರು 125 ಮಾತ್ರ ಬಳಸಬೇಕು. ಇದರಲ್ಲಿ ಒಂದೊಂದೇ ಸ್ಟ್ರಾಂಡನ್ನು ಎಳೆದು ತೆಗೆದು ಪರೀಕ್ಷಿಸಬಹುದು, ಬದಲಿಸಬಹುದು. ಇನ್ನೊಂದು, ಹೊರಪದರದ ತಂತಿಗಳು ಒಂದರೊಳಗೊಂದು ಕಚ್ಚಿಕೊಳ್ಳುವ ಲಾಕ್ಡ್ ಕಾಯಿಲ್ ಹಗ್ಗ. ತೆಳ್ಳಗೆ, ಅಂದವಾಗಿ ಇರುತ್ತದೆ, ಕಾರ್ಖಾನೆಯಿಂದಲೇ ಸಾಕೆಟ್ ಸಮೇತ ಅಳತೆಗೆ ಕತ್ತರಿಸಿ ಬರುತ್ತದೆ. ಆದರೆ ಉದ್ದದಲ್ಲಿ ವ್ಯತ್ಯಾಸ ಬಂದರೆ ಹೊಂದಿಸಲು ತುದಿಯಲ್ಲಿ ಸ್ಕ್ರೂ ಎಳೆ ಕೊರೆದ ಉದ್ದವೊಂದೇ ಗತಿ. ನಗರದ ಸಣ್ಣ ಸೇತುವೆಗೆ ಎರಡನೆಯದನ್ನೇ ಹೆಚ್ಚು ಬಳಸುತ್ತಾರೆ. ಕರಾವಳಿಯಲ್ಲಿ ಕಟ್ಟುವುದಾದರೆ ನಾವು ಮೊದಲನೆಯದನ್ನೇ ಆರಿಸುತ್ತೇವೆ, ಸ್ವಲ್ಪ ದಪ್ಪವಾಗಿ ಕಂಡರೂ ಸರಿ. ಯಾವುದೇ ಆಗಲಿ, ಬಿಗಿಯುವ ನಟ್ಟಿನ ಹಿಂದೆ ಸ್ಕ್ರೂ ಎಳೆಯನ್ನು ಧಾರಾಳವಾಗಿ ಉಳಿಸಬೇಕು, ಜಾಕ್ ಕೂರಿಸಲು ಜಾಗ ಬಿಡಬೇಕು. ಒಂದು ಕೇಬಲ್ ಬಿಚ್ಚಿ ಬದಲಿಸುವಾಗ ಸೇತುವೆ ನಿಲ್ಲುತ್ತದೆಂದೂ, ಒಂದು ಕೇಬಲ್ ಇದ್ದಕ್ಕಿದ್ದಂತೆ ಕಡಿದರೂ ಕುಸಿಯುವುದಿಲ್ಲವೆಂದೂ ಲೆಕ್ಕದಲ್ಲಿ ತೋರಿಸಬೇಕು. ಕೆಳಗಿನ ಆಂಕರೇಜು ಡೆಕ್ಕಿನ ಮೇಲ್ಮೈಗಿಂತ ಮೇಲೆ, ಕೈಗೆ ಸಿಗುವಲ್ಲಿ ಇದ್ದರೆ ಅತ್ಯುತ್ತಮ. ಡೆಕ್ಕಿನಡಿ ಇಡಲೇಬೇಕೆಂದರೆ ಓಡಾಡುವ ಜಾಲರಿ ಹಾದಿ ಇರಲಿ.

ಕಂಬದ ಮೇಲಿನ ತುದಿ ಹೆಚ್ಚು ಕಷ್ಟ. ಕಂಬ ಟೊಳ್ಳಾಗಿದ್ದು ಒಳಗೆ ಮನುಷ್ಯ ಹತ್ತುವಷ್ಟು ಅಗಲವಿದ್ದರೆ ಏಣಿ, ದೀಪ, ಗಾಳಿಯಾಡುವ ಕಿಂಡಿ ಇಡಬಹುದು. ವಾಸ್ತುಶಿಲ್ಪಿಗಳು ಕೇಳುವುದು ತೆಳ್ಳನೆಯ ಕಂಬ. ಅದರೊಳಗೆ ಯಾರೂ ಹೋಗಲಾರರು. ಆಗ ತುದಿಯಲ್ಲಿ ಹಗ್ಗ ಕಟ್ಟಿ ಇಳಿಯುವವರಿಗಾಗಿ ಶಾಶ್ವತ ಕೊಕ್ಕೆಗಳಿರಬೇಕು, ಅಥವಾ ಬೂಮ್ ಲಿಫ್ಟ್ ನಿಲ್ಲಿಸಲು ಕಂಬದ ಬುಡದಲ್ಲಿ ಗಟ್ಟಿ ನೆಲವಿರಬೇಕು. ಕಂಬವನ್ನು ರಸ್ತೆಯ ನಡು ಪಟ್ಟಿಯಲ್ಲಿ ನಿಲ್ಲಿಸಿದರೆ ಪ್ರತಿ ತಪಾಸಣೆಗೂ ಸಂಚಾರ ಪೊಲೀಸರ ಅನುಮತಿ ಕೇಳಬೇಕು. ಕೇಳುವುದು ಕಷ್ಟವಾದಷ್ಟೂ ತಪಾಸಣೆ ಮುಂದಕ್ಕೆ ಹೋಗುತ್ತದೆ. ಕಂಬದ ಜಾಗ ಆರಿಸುವ ದಿನವೇ ಮುಂದಿನ ಐವತ್ತು ವರ್ಷದ ತಪಾಸಣೆಯೂ ತೀರ್ಮಾನವಾಗುತ್ತದೆ.

ತಲುಪುವ ದಾರಿ ಇದ್ದರೆ ಪರೀಕ್ಷೆ ದುಬಾರಿಯಲ್ಲ. ಕೇಬಲ್ ತಂಬೂರಿ ತಂತಿಯಂತೆ: ಬಿಗಿ ಇಳಿದರೆ ಶ್ರುತಿ ಇಳಿಯುತ್ತದೆ. ಡೆಕ್ಕಿನಿಂದ ಎರಡು ಮೂರು ಮೀಟರ್ ಮೇಲೆ ಕಂಪನಮಾಪಕವೊಂದನ್ನು ಕಟ್ಟಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಆವರ್ತನ ಓದಿದರೆ ಬಲ ತಿಳಿಯುತ್ತದೆ. ಉದ್ದದ ವರ್ಗ, ಆವರ್ತನದ ವರ್ಗ, ಮೀಟರಿನ ತೂಕ, ಇವನ್ನು ಗುಣಿಸಿ ನಾಲ್ಕು ಪಟ್ಟು ಮಾಡಿದರೆ ಆಯಿತು. ಮೇಲಿನ ಕೇಬಲ್‌ನ 2.5 ಹರ್ಟ್ಸ್ 2.3ಕ್ಕೆ ಇಳಿದಿದ್ದರೆ ಬಲ ಶೇ. 15ರಷ್ಟು ಕಡಿಮೆಯಾಗಿದೆ ಎಂದರ್ಥ. ತಡ ಮಾಡದೆ ಆಂಕರೇಜ್ ತೆರೆದು ನೋಡಬೇಕು. ತೀರ ಗಿಡ್ಡ ಕೇಬಲ್‌ಗಳಿಗೆ ಈ ಸೂತ್ರ ಹೆಚ್ಚು ಬಲ ತೋರಿಸುತ್ತದೆ, ಅವಕ್ಕೆ ತಿದ್ದುಪಡಿ ಬೇಕು. ಅಳತೆಯನ್ನು ಬೆಳಗಿನ ಜಾವ, ಬಿಸಿಲೇರುವ ಮುಂಚೆ ತೆಗೆಯಬೇಕು. 60 ಮೀಟರ್ ಉಕ್ಕಿನ ಡೆಕ್ 30 ಡಿಗ್ರಿ ಕಾದರೆ 2 ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ, ಕೇಬಲ್ ಬಲಗಳೂ ಜರುಗುತ್ತವೆ. ಸೇತುವೆ ತೆರೆದ ದಿನದ ಅಂಕಿಗಳನ್ನು ಕೇಬಲ್‌ವಾರು ದಾಖಲಿಸಿಡದಿದ್ದರೆ ಹತ್ತು ವರ್ಷದ ಮೇಲೆ ಅಳೆದು ಪ್ರಯೋಜನವಿಲ್ಲ, ಹೋಲಿಸಲು ಏನೂ ಇರುವುದಿಲ್ಲ.

ಗಾಳಿ ಆಯಿತು, ಈಗ ಕಾಲು. ಮನುಷ್ಯ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾನೆ, ಮೈಭಾರ ಎಡಕ್ಕೂ ಬಲಕ್ಕೂ ಸೆಕೆಂಡಿಗೆ ಒಂದು ಸುತ್ತು ತೂಗುತ್ತದೆ. ಸೇತುವೆಯ ಅಡ್ಡ ಆವರ್ತನ 1 ಹರ್ಟ್ಸ್ ಹತ್ತಿರವಿದ್ದರೆ ಜನ ತಮಗರಿಯದೆ ಅದರ ತೂಗಾಟಕ್ಕೆ ಹೆಜ್ಜೆ ಕೂಡಿಸುತ್ತಾರೆ, ತೂಗಾಟ ಹೆಚ್ಚುತ್ತದೆ. ಲಂಡನ್ನಿನ ಮಿಲೆನಿಯಂ ಸೇತುವೆ 2000ದ ಜೂನ್ 10ರಂದು ತೆರೆದು ಎರಡೇ ದಿನದಲ್ಲಿ ಮುಚ್ಚಿದ್ದು ಎಲ್ಲರಿಗೂ ಗೊತ್ತು. ಅದು ತೂಗುಸೇತುವೆಯ ಜಾತಿ. ಆದರೆ ಜಪಾನಿನ ಸೈತಾಮಾ ಪ್ರಾಂತದ ತೋದಾ ಪಾರ್ಕ್ ಸೇತುವೆ ಅಪ್ಪಟ ಕೇಬಲ್‌ಸ್ಟೇ ಕಾಲುಸೇತುವೆ. ದೋಣಿ ಪಂದ್ಯ ಮುಗಿಸಿ ಗುಂಪಾಗಿ ಹೊರಟ ಜನ ಅದನ್ನು ಸುಮಾರು 0.9 ಹರ್ಟ್ಸಿನಲ್ಲಿ ಅಡ್ಡಕ್ಕೆ ತೂಗಿಸಿದ್ದನ್ನು ಅಲ್ಲಿನ ಸಂಶೋಧಕರು 1993ರಲ್ಲೇ ಪ್ರಕಟಿಸಿದ್ದರು. ಲಂಡನ್ನಿಗೆ ಏಳು ವರ್ಷ ಮುಂಚೆ. ತಿಳಿವಳಿಕೆ ಇತ್ತು, ಓದಬೇಕಾದವರ ಮೇಜಿಗೆ ತಲುಪಿರಲಿಲ್ಲ. ಲಂಡನ್ನಿನಲ್ಲಿ 37 ದ್ರವ ಡ್ಯಾಂಪರ್ ಮತ್ತು ಐವತ್ತರಷ್ಟು ತೂಕದ ಡ್ಯಾಂಪರ್ ಕೂರಿಸಿ ಮತ್ತೆ ತೆರೆಯಲು 2002ರ ಫೆಬ್ರವರಿವರೆಗೆ ಹಿಡಿಯಿತು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ ಐಆರ್‌ಸಿ 6ರ ಪ್ರಕಾರ ಜನಭಾರ ಚದರ ಮೀಟರಿಗೆ 400 ಕೆ.ಜಿ., ಜಾತ್ರೆ ಸೇರುವ ಕಡೆ 500. 4 ಮೀಟರ್ ಅಗಲ, 60 ಮೀಟರ್ ಗಾಲಕ್ಕೆ 500ರ ಲೆಕ್ಕದಲ್ಲಿ ಇದು 120 ಟನ್. ಈ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಅಡ್ಡ ಆವರ್ತನ 2.5 ಹರ್ಟ್ಸಿಗಿಂತ ಕಡಿಮೆಯೇ, ಲಂಬ ಆವರ್ತನ 5ಕ್ಕಿಂತ ಕಡಿಮೆಯೇ? ಕಡಿಮೆಯಿದ್ದರೆ ಯುರೋಪಿನ ಸಂಹಿತೆಯಂತೆ ಜನಸಂದಣಿಯಲ್ಲಿ ವೇಗೋತ್ಕರ್ಷವನ್ನು ಲೆಕ್ಕ ಹಾಕಿ, ಲಂಬಕ್ಕೆ 0.7, ಅಡ್ಡಕ್ಕೆ 0.2 ಮೀಟರ್ ಪ್ರತಿ ಸೆಕೆಂಡ್ ವರ್ಗದೊಳಗೆ ಇಡಬೇಕು. ಬರೀ ಉಕ್ಕಿನ ಡೆಕ್ಕಿಗೆ ಡ್ಯಾಂಪಿಂಗ್ ಶೇ. 0.4ರ ಸುಮಾರು. ಮೇಲೆ ಕಾಂಕ್ರೀಟ್ ಹಾಸು ಕೂಡಿಸಿದರೆ ಶೇ. 0.6ಕ್ಕೆ ಏರುತ್ತದೆ, ತೂಕವೂ ಹೆಚ್ಚಿ ಕುಣಿತ ತಗ್ಗುತ್ತದೆ. ಹಗುರವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಪ್ಪು. ನಮ್ಮ ಆಯ್ಕೆ ಉಕ್ಕು–ಕಾಂಕ್ರೀಟ್ ಕೂಡಿದ ಡೆಕ್. ಒಂದು ವಿಷಯ ನೆನಪಿರಲಿ, ಜನವೆಲ್ಲ ನಡುವಿನ ಗಾಲದಲ್ಲಿ ಸೇರಿದಾಗ ಕಂಬದ ಹಿಂಬದಿಯ ಗಾಲದ ತುದಿ ಮೇಲೇಳಲು ನೋಡುತ್ತದೆ. ಅಲ್ಲಿಯ ಬೇರಿಂಗ್ (ಡೆಕ್ ಕೂರುವ ಆಸರೆ) ಕೆಳಕ್ಕೂ ಹಿಡಿದುಕೊಳ್ಳುವಂಥದ್ದಾಗಿರಬೇಕು. ಮಾಮೂಲಿ ರಬ್ಬರ್ ಪ್ಯಾಡು ಸಾಲದು.

ತೆರೆಯುವ ಮುನ್ನ ಮರಳುಚೀಲ ಪೇರಿಸಿ ಭಾರಪರೀಕ್ಷೆ ಮಾಡಿದರೆ ಮುಗಿಯಲಿಲ್ಲ. ಜನರನ್ನು ತಾಳಕ್ಕೆ ನಡೆಸಿ, ಓಡಿಸಿ, ಇದ್ದಕ್ಕಿದ್ದಂತೆ ನಿಲ್ಲಿಸಿ, ಸೇತುವೆ ಎಷ್ಟು ಹೊತ್ತಿಗೆ ತಣ್ಣಗಾಗುತ್ತದೆಂದು ಅಳೆಯಬೇಕು. ಡ್ಯಾಂಪಿಂಗ್‌ನ ನಿಜವಾದ ಅಂಕಿ ಆಗಲೇ ಸಿಗುವುದು. ಕಡಿಮೆ ಬಂದರೆ ಹಾಕಲು ತೂಕದ ಡ್ಯಾಂಪರ್‌ಗೆ ಡೆಕ್ಕಿನಡಿ ಜಾಗ ಮತ್ತು ಬೋಲ್ಟ್ ತೂತು ಮೊದಲೇ ಇರಲಿ.

ಸೈಕಲ್‌ನವರ ಬಗ್ಗೆ. ರಸ್ತೆಯ ಮೇಲೆ 5.5 ಮೀಟರ್ ತೆರವು, ಡೆಕ್ ಸೇರಿ ಆರೂಕಾಲು ಮೀಟರ್ ಏರಬೇಕೆಂದರೆ 1:20ರಲ್ಲಿ ರ‍್ಯಾಂಪ್ 125 ಮೀಟರ್. 1:12ರಲ್ಲಿ 75 ಮೀಟರ್, ನಡುನಡುವೆ ಸಮತಟ್ಟು ಬೇರೆ. 1:12 ಗಾಲಿಕುರ್ಚಿಗೆ ನಿಯಮದ ಅಂಚು, ಸೈಕಲ್ ತುಳಿಯುವವರಿಗೆ ಏದುಸಿರು. ಹೋವನ್‌ರಿಂಗಿನಲ್ಲಿ ಸೈಕಲ್ ಏರನ್ನು ತಗ್ಗಿಸಲು ಕೆಳಗಿನ ಕೂಡುರಸ್ತೆಯನ್ನೇ ಒಂದೂವರೆ ಮೀಟರ್ ಇಳಿಸಿದರು. ಲಿಫ್ಟ್ ಇಟ್ಟು ರ‍್ಯಾಂಪ್ ಬಿಡುವ ಯೋಚನೆ ಬೇಡ. ಲಿಫ್ಟ್ ಕೆಟ್ಟ ದಿನ ಸೈಕಲ್ ಮತ್ತೆ ಹೆದ್ದಾರಿಗೆ ಇಳಿಯುತ್ತದೆ. ಅಗಲ ಗೋಡೆಯಿಂದ ಗೋಡೆಗಲ್ಲ, ಉಪಯೋಗಕ್ಕೆ ಸಿಗುವುದು 4 ಮೀಟರ್ ಇರಲಿ, ಹ್ಯಾಂಡಲ್ ತಗುಲೀತೆಂದು ಸವಾರರು ಕಟಕಟೆಯಿಂದ ಅರ್ಧ ಮೀಟರ್ ದೂರವೇ ಇರುತ್ತಾರೆ. ಕಟಕಟೆ 1.4 ಮೀಟರ್. ನಯವಾದ ಗ್ರಾನೈಟ್ ಹಾಸಬೇಡಿ, ಮಳೆಗಾಲದಲ್ಲಿ ಬೀಳುತ್ತಾರೆ. ಡೆಕ್ ಹಿಗ್ಗಲು ಬಿಡುವ ಎಕ್ಸ್‌ಪಾನ್ಷನ್ ಜಾಯಿಂಟಿನ ಸೀಳು ಚಕ್ರದ ದಿಕ್ಕಿಗೆ ಇರಬಾರದು. ಸ್ಕೂಟರು ನುಗ್ಗದಂತೆ ತಡೆಗಂಬ ಇಟ್ಟರೆ ಗಾಲಿಕುರ್ಚಿಗೂ ತಡೆಯಾಗುತ್ತದೆ, ಬಿಟ್ಟರೆ ಸ್ಕೂಟರು ಬರುತ್ತದೆ. ಇದಕ್ಕೆ ಕಂಬಗಳಿಂದ ಪರಿಹಾರವಿಲ್ಲ, ಮೊದಲ ಕೆಲವು ತಿಂಗಳು ಕಾವಲುಗಾರ ಬೇಕು. ಆಂಬುಲೆನ್ಸ್ ಅಥವಾ ತಪಾಸಣೆಯ ವಾಹನ ಏರಬಹುದಾದರೆ ಅದರ ಭಾರವೂ ಲೆಕ್ಕದಲ್ಲಿರಲಿ.

ತೆರೆದ ಮೇಲೆ ಸೇತುವೆಗೆ ನಾವೇ ಮಾಡುವ ಕೆಡುಕುಗಳಿವೆ. ಕಟಕಟೆಗೆ ಫ್ಲೆಕ್ಸ್ ಕಟ್ಟಿದರೆ ಗಾಳಿ ದಾಟುವ ಜಾಲರಿ ಗೋಡೆಯಾಗುತ್ತದೆ, ಹಗುರ ಡೆಕ್ಕಿಗೆ ಲೆಕ್ಕಕ್ಕಿಲ್ಲದ ಗಾಳಿಭಾರ ಬೀಳುತ್ತದೆ. ಇಂಟರ್ನೆಟ್ ತಂತಿಯವರು ಎಲ್ಲೆಂದರಲ್ಲಿ ಕಟ್ಟುತ್ತಾರೆ, ಅವರಿಗೊಂದು ಕೊಳವೆ ಮೊದಲೇ ಕೊಟ್ಟುಬಿಡಿ. ದಸರಾ, ರಾಜ್ಯೋತ್ಸವಕ್ಕೆ ಕೇಬಲ್‌ಗೇ ಸೀರಿಯಲ್ ಸೆಟ್ ಸುತ್ತಿ ಬಿಗಿದರೆ ಪ್ಲಾಸ್ಟಿಕ್ ಕೊಳವೆ ಗೀರಿ ಸೀಳುತ್ತದೆ, ಸುರುಳಿ ಏಣಿನ ಕೆಲಸವೂ ಕೆಡುತ್ತದೆ. ದೀಪಗಳು ಡೆಕ್ಕಿನಿಂದ ಮೇಲಕ್ಕೆ ಬೆಳಕು ಚೆಲ್ಲಲಿ. ಡೆಕ್ಕಿನಡಿ ಹೆಜ್ಜೇನು ಕಟ್ಟಿದರೆ ತಪಾಸಣೆಯವರು ಹತ್ತಿರ ಹೋಗಲಾರರು. ಗೂಡು ಕಟ್ಟದಂತೆ ಆಂಕರೇಜ್ ಪೆಟ್ಟಿಗೆಗಳ ಬಾಯಿಗೆ ಜಾಲರಿ ಹಾಕಿ, ನೀರಿನ ತೂತು ಮಾತ್ರ ತೆರೆದಿರಲಿ.

ಹಣದ ಮಾತು. ಕಟ್ಟುವ ಟೆಂಡರಿನಲ್ಲೇ ಹತ್ತು ವರ್ಷದ ನಿರ್ವಹಣೆ ಸೇರಿಸಿ, ಅದರ ಹಣವನ್ನು ಬೇರೆ ಲೆಕ್ಕಶೀರ್ಷಿಕೆಯಲ್ಲಿ ಇಡಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಲ್ಲ ತುದಿಗಳನ್ನು ಕಣ್ಣಿಂದ ನೋಡುವುದು, ಎರಡು ವರ್ಷಕ್ಕೊಮ್ಮೆ ಕೇಬಲ್ ಬಲ ಅಳೆಯುವುದು, ರಬ್ಬರ್ ಟೊಪ್ಪಿಗೆ ಬದಲಿಸುವುದು, ಡ್ಯಾಂಪರಿನ ಎಣ್ಣೆ ಸೋರಿಕೆ ನೋಡುವುದು ಕನಿಷ್ಠ ಕೆಲಸ. ವಿನ್ಯಾಸದ ಪ್ರೂಫ್ ಚೆಕಿಂಗನ್ನು (ಹೊರಗಿನವರ ಮರುಪರಿಶೀಲನೆ) ಗುತ್ತಿಗೆದಾರ ಗೊತ್ತುಮಾಡಬಾರದು. ಪಾಲಿಕೆಯೇ ಭಾರತೀಯ ವಿಜ್ಞಾನ ಸಂಸ್ಥೆಗೋ ಸುರತ್ಕಲ್ಲಿನ ಎನ್‌ಐಟಿಕೆಗೋ ಕೊಡಲಿ, ಶುಲ್ಕವನ್ನು ಪಾಲಿಕೆಯೇ ಕಟ್ಟಲಿ.

ಅರ್ಜಿ ಕೊಡುವ ನಾಗರಿಕರಲ್ಲಿಯೂ ಒಂದು ಕೋರಿಕೆ. ಮೂರು ಕಾಗದಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ: ತುದಿಗಳಿಗೆ ತಲುಪುವ ನಕ್ಷೆ, ಜನರನ್ನು ನಡೆಸಿ ಮಾಡಿದ ಕಂಪನ ಪರೀಕ್ಷೆಯ ವರದಿ, ತೆರೆದ ದಿನದ ಕೇಬಲ್‌ಬಲದ ಪಟ್ಟಿ. ಪಾಲಿಕೆಗಳು ಇವನ್ನು ಕೇಳುವ ಮುಂಚೆಯೇ ತಮ್ಮ ಜಾಲತಾಣದಲ್ಲಿ ಹಾಕಲಿ, ಪ್ರತಿ ಅಳತೆಯ ಹೊಸ ಅಂಕಣವನ್ನು ಅದೇ ಪಟ್ಟಿಗೆ ಸೇರಿಸುತ್ತ ಹೋಗಲಿ. ಟೆಂಡರ್ ಪೂರ್ವ ಸಭೆಗೆ ಕರೆದರೆ ಮೇಲಿನ ಲೆಕ್ಕಗಳನ್ನು ನಿಮ್ಮ ಎಂಜಿನಿಯರುಗಳ ಜೊತೆ ಕೂತು ನಿಮ್ಮದೇ ಜಾಗದ ಅಳತೆಗೆ ಹಾಕಿಕೊಡಲು ನಾವು ಸಿದ್ಧರಿದ್ದೇವೆ. ಅದಕ್ಕೆ ಶುಲ್ಕವಿಲ್ಲ.

ಇತಿ ನಿಮ್ಮ ವಿಶ್ವಾಸಿಗಳು,
ಸೇತುವೆ ವಿನ್ಯಾಸ ಮತ್ತು ತಪಾಸಣೆಯ ಕೆಲಸದಲ್ಲಿರುವ ಎಂಜಿನಿಯರುಗಳು